ಕಲ್ಲಿನ ಔದಾರ್ಯ, ನುಡಿಯ ಇಕ್ಕಟ್ಟು: ಉಸ್ಮಾನಿಯಾ ಆರ್ಟ್ಸ್ ಕಾಲೇಜಿನ ಕಟ್ಟಡವನ್ನು ಕುರಿತು

(ಸಂಘದ ಆಶ್ರಯದಲ್ಲಿ ಹೈದರಾಬಾದಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ನಾನು ಸಂಕೋಚದಿಂದಲೇ ಒಪ್ಪಿಕೊಂಡೆ. ನಾನು ವಾಸ್ತುಶಿಲ್ಪದ ಪಂಡಿತನಲ್ಲ, ಇತಿಹಾಸದ ಪ್ರಾಧ್ಯಾಪಕನೂ ಅಲ್ಲ. ಮೂವತ್ತೈದು ವರ್ಷ ಲೆಕ್ಕಪತ್ರಗಳ ನಡುವೆ ಕಳೆದು ನಿವೃತ್ತನಾದವನು. ಆದರೆ ನಮ್ಮ ಮನೆಯ ಎರಡು ತಲೆಮಾರು ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜಿನ ಮೆಟ್ಟಿಲುಗಳನ್ನು ಹತ್ತಿದೆ. ನನ್ನ ತಂದೆ 1940ರಲ್ಲಿ ಹತ್ತಿದರು. ನಾನು 1968ರಲ್ಲಿ ಹತ್ತಿದೆ. ಇಬ್ಬರೂ ಓದಿದ್ದು ಅರ್ಥಶಾಸ್ತ್ರವನ್ನೇ. ಅವರು ಓದಿದ್ದು ಉರ್ದುವಿನಲ್ಲಿ, ನಾನು ಓದಿದ್ದು ಇಂಗ್ಲಿಷಿನಲ್ಲಿ. ಇಬ್ಬರ ಮನೆಮಾತೂ ಕನ್ನಡ. ಈ ಒಂದು ಸಂಗತಿಯೇ ಇಂದಿನ ನನ್ನ ಮಾತಿಗೆ ಬೀಜ.

ತಂದೆಯವರು ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯಲ್ಲಿ ನಾಲ್ಕು ನೋಟುಪುಸ್ತಕಗಳು ದೊರೆತವು. ಬಲದಿಂದ ಎಡಕ್ಕೆ ಸಾಗುವ ಮುದ್ದಾದ ಉರ್ದು ಬರವಣಿಗೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನೆರೆಯ ವೃದ್ಧ ಮಿತ್ರರೊಬ್ಬರು ಓದಿ ಹೇಳಿದರು: ಒಂದು ಪುಟದ ತಲೆಬರಹ ‘ತಲಬ್ ಔರ್ ರಸದ್’. ಅಂದರೆ ಬೇಡಿಕೆ ಮತ್ತು ಪೂರೈಕೆ. ಅದೇ ಕಟ್ಟಡದಲ್ಲಿ ನಾನು ಅದೇ ಪಾಠವನ್ನು ಇಪ್ಪತ್ತೆಂಟು ವರ್ಷಗಳ ತರುವಾಯ ಬೇರೆ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದೆ. ತಂದೆ-ಮಗ ಒಂದೇ ಜಾಗದಲ್ಲಿ ಕುಳಿತು ಒಂದೇ ವಿದ್ಯೆ ಕಲಿತರೂ ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಓದಲು ಬರುವುದಿಲ್ಲ. ಇದು ಹೇಗಾಯಿತು ಎಂಬ ಪ್ರಶ್ನೆ ಹಿಡಿದು ನಾನು ಆ ಕಟ್ಟಡವನ್ನು ಮತ್ತೆ ನೋಡಲು ಹೋದೆ.

ಮೊದಲು ಅದರ ಹುಟ್ಟನ್ನು ನೆನೆಯೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಜಾಮ ಸಂಸ್ಥಾನದಲ್ಲಿ ಸ್ವಂತ ವಿಶ್ವವಿದ್ಯಾಲಯವಿರಲಿಲ್ಲ. 1887ರಲ್ಲಿ ಆರಂಭವಾದ ನಿಜಾಂ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿ ಇಂಗ್ಲಿಷೇ ಬೋಧನೆಯ ಭಾಷೆ. 1917ರಲ್ಲಿ ಅಕ್ಬರ್ ಹೈದರಿಯವರು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಮುಂದೆ ಒಂದು ಮನವಿಯನ್ನಿಟ್ಟರು. ಪರಭಾಷೆಯನ್ನು ಅರಗಿಸಿಕೊಳ್ಳುವುದರಲ್ಲೇ ವಿದ್ಯಾರ್ಥಿಯ ಬುದ್ಧಿಶಕ್ತಿಯೆಲ್ಲ ಸವೆದುಹೋಗುತ್ತಿದೆ, ಆದ್ದರಿಂದ ಉನ್ನತ ಶಿಕ್ಷಣವನ್ನು ದೇಶಭಾಷೆಯಲ್ಲಿಯೇ ಕೊಡಬೇಕು ಎಂಬುದು ಅದರ ತಿರುಳು. ಅದೇ ವರ್ಷದ ಏಪ್ರಿಲ್ 26ರಂದು ಫರ್ಮಾನು ಹೊರಟಿತು. 1919ರ ಆಗಸ್ಟ್ 28ರಂದು ಬಾಡಿಗೆಯ ಕಟ್ಟಡವೊಂದರಲ್ಲಿ 225 ವಿದ್ಯಾರ್ಥಿಗಳು ಮತ್ತು 25 ಅಧ್ಯಾಪಕರೊಡನೆ ತರಗತಿಗಳು ಆರಂಭವಾದವು.

ಇದರ ಮಹತ್ತ್ವವನ್ನು ನಾವು ಕಡಿಮೆ ಮಾಡಿ ಹೇಳಬಾರದು. ಒಂದು ವರ್ಷದ ಹಿಂದೆ, 1916ರಲ್ಲಿ, ಮೈಸೂರಿನಲ್ಲಿ ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಆಳುವ ದೊರೆ ಕನ್ನಡಿಗ, ಪ್ರಜೆಗಳಲ್ಲಿ ಬಹುಸಂಖ್ಯಾತರು ಕನ್ನಡಿಗರು. ಆದರೂ ಅಲ್ಲಿ ಬೋಧನೆಯ ಭಾಷೆ ಇಂಗ್ಲಿಷೇ ಆಯಿತು. ಹೈದರಾಬಾದು ಮಾತ್ರ ಭಾರತೀಯ ಭಾಷೆಯೊಂದರಲ್ಲಿ ಇತಿಹಾಸ, ಗಣಿತ, ವಿಜ್ಞಾನ, ಕಾನೂನು, ಮುಂದೆ ವೈದ್ಯಕೀಯವನ್ನೂ ಕಲಿಸುವ ಧೈರ್ಯ ಮಾಡಿತು. ಧೈರ್ಯಕ್ಕೆ ತಕ್ಕ ಸಿದ್ಧತೆಯನ್ನೂ ಮಾಡಿತು. ತರಗತಿ ಆರಂಭವಾಗುವ ಮೊದಲೇ, 1917ರಲ್ಲಿ, ಮೌಲ್ವಿ ಅಬ್ದುಲ್ ಹಖ್ ಅವರ ಮೇಲ್ವಿಚಾರಣೆಯಲ್ಲಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ನೂರಾರು ಗ್ರಂಥಗಳು ಉರ್ದುವಿಗೆ ಬಂದವು, ಸಾವಿರಾರು ಪಾರಿಭಾಷಿಕ ಪದಗಳು ಹುಟ್ಟಿದವು. ಹೊಸ ಪದವನ್ನು ಹೇಗೆ ಕಟ್ಟಬೇಕೆಂಬುದನ್ನೇ ವಿಷಯವಾಗಿಸಿಕೊಂಡು ವಹೀದುದ್ದೀನ್ ಸಲೀಂ ಅವರು 1921ರಲ್ಲಿ ಒಂದು ಗ್ರಂಥ ರಚಿಸಿದರು. ಜೋಶ್ ಮಲೀಹಾಬಾದಿಯಂಥ ಮಹಾಕವಿ ಸುಮಾರು ಹತ್ತು ವರ್ಷ ಅಲ್ಲಿ ಅನುವಾದದ ಕೆಲಸ ಮಾಡಿದರು. ಇಂಗ್ಲಿಷನ್ನು ಹೊರಗಟ್ಟಲಿಲ್ಲ; ಅದನ್ನು ಕಡ್ಡಾಯ ಭಾಷೆಯಾಗಿ ಕಲಿಸುತ್ತಿದ್ದರು. ಭಾಷಾ ಮಾಧ್ಯಮದ ಪ್ರಶ್ನೆ ಬಂದಾಗಲೆಲ್ಲ ‘ಪುಸ್ತಕಗಳೆಲ್ಲಿವೆ, ಪದಗಳೆಲ್ಲಿವೆ’ ಎಂದು ಕೈಚೆಲ್ಲುವ ನಮ್ಮವರು ಈ ಉದಾಹರಣೆಯನ್ನು ನೆನಪಿನಲ್ಲಿಡಬೇಕು.

ಇನ್ನು ಕಟ್ಟಡದ ಕಥೆ. ಇಂಥ ವಿದ್ಯಾಲಯಕ್ಕೆ ಬಾಡಿಗೆ ಮನೆ ಎಷ್ಟು ದಿನ ಸಾಕು? ಸ್ಥಳ ಹುಡುಕಲು ನಗರಯೋಜನೆಯ ಪ್ರಸಿದ್ಧ ಚಿಂತಕ ಪ್ಯಾಟ್ರಿಕ್ ಗೆಡ್ಡೆಸ್ ಅವರ ನೆರವು ಪಡೆದರು. 1923ರಲ್ಲಿ ಅವರು ವರದಿ ಕೊಟ್ಟರು. ಕೊನೆಗೆ ನಗರದ ಹೊರಗೆ ಅಡಿಕ್‌ಮೆಟ್ಟಿನ ಬಯಲಿನಲ್ಲಿ ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಗೊತ್ತಾಯಿತು. ಆ ನೆಲ ಹಿಂದೆ ಮಹಲಖಾ ಬಾಯಿ ಚಂದಾ ಎಂಬ ಕವಯಿತ್ರಿಯ ಜಹಗೀರಾಗಿತ್ತೆಂದು ಹಳಬರು ಹೇಳುತ್ತಾರೆ. ಉರ್ದು ದಿವಾನ್ ರಚಿಸಿದ ಮೊದಲ ಮಹಿಳೆಯರಲ್ಲಿ ಒಬ್ಬಳಾದ ಆಕೆಯ ನೆಲದಲ್ಲೇ ಉರ್ದು ವಿಶ್ವವಿದ್ಯಾಲಯ ಎದ್ದದ್ದು ಒಂದು ಚೆಲುವಾದ ಯೋಗಾಯೋಗ.

1930ರ ಸುಮಾರಿಗೆ ಸಂಸ್ಥಾನವು ಸೈಯದ್ ಅಲಿ ರಜಾ ಮತ್ತು ಜೈನ್ ಯಾರ್ ಜಂಗ್ ಎಂಬ ಇಬ್ಬರನ್ನು ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಕಳುಹಿಸಿತು. ಅವರು ಯುರೋಪು, ಅಮೆರಿಕ ಮುಂತಾದೆಡೆ ಸಂಚರಿಸಿ ಬಂದರು. ನಕ್ಷೆ ತಯಾರಿಸಲು ನಿಯುಕ್ತರಾದವರು ಬೆಲ್ಜಿಯಂ ದೇಶದ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್. ಈತ ಈಜಿಪ್ಟಿನ ಕೈರೋ ಬಳಿಯ ಹೀಲಿಯೊಪೊಲಿಸ್ ನಗರದಲ್ಲಿ ಭವ್ಯ ಹೋಟೆಲ್ ಕಟ್ಟಿ ಹೆಸರು ಪಡೆದಿದ್ದವರು. ಕಮಾನು, ಗುಮ್ಮಟಗಳ ಶೈಲಿ ಅವರಿಗೆ ಕೈವಶವಾಗಿತ್ತು. ಹೈದರಾಬಾದಿಗೆ ಬಂದಾಗ ಅವರು ಕೈರೋವನ್ನು ಇಲ್ಲಿ ಹಾಗೆಯೇ ಇಳಿಸಲಿಲ್ಲ. ನಿಜಾಮ ಸಂಸ್ಥಾನದೊಳಗೇ ಇದ್ದ ಅಜಂತ, ಎಲ್ಲೋರ, ಬೀದರ, ಗೋಲ್ಕೊಂಡಗಳು ಅವರ ನಕ್ಷೆಯೊಳಗೆ ಬಂದವು. ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಈ ಸ್ಮಾರಕಗಳನ್ನು ಅಕ್ಕರೆಯಿಂದ ಕಾಪಾಡುತ್ತಿದ್ದ ಕಾಲ ಅದು. 1934ರ ಜುಲೈ 5ರಂದು ಅಡಿಗಲ್ಲು ಬಿದ್ದಿತು. ಜಾಸ್ಪರ್ ಹಿಂದಿರುಗಿದ ಮೇಲೆ ಜೈನ್ ಯಾರ್ ಜಂಗರು ಕೆಲಸ ಮುಂದುವರಿಸಿದರು. 1939ರ ಡಿಸೆಂಬರ್ 4ರಂದು ನಿಜಾಮರು ಕಟ್ಟಡವನ್ನು ಉದ್ಘಾಟಿಸಿದರು.

ನಿಮ್ಮಲ್ಲಿ ಹಲವರು ಅದನ್ನು ದೂರದಿಂದ ನೋಡಿರುತ್ತೀರಿ. ಒಮ್ಮೆ ಹತ್ತಿರ ಹೋಗಿ ನಿಲ್ಲಬೇಕೆಂದು ನನ್ನ ವಿನಂತಿ. ದಖ್ಖನಿನ ನಸುಗೆಂಪು ಕಣಶಿಲೆಯ ಕಟ್ಟಡ. ಬೆಳಗಿನ ಬಿಸಿಲಿನಲ್ಲಿ ಅದಕ್ಕೆ ಒಂದು ಬಣ್ಣ, ಸಂಜೆಯಲ್ಲಿ ಇನ್ನೊಂದು. ಅಗಲವಾದ ಮೆಟ್ಟಿಲ ಸಾಲು. ಅದರ ಮೇಲೆ ನಡುಮಧ್ಯದಲ್ಲಿ ಆಳೆತ್ತರವನ್ನು ಹಲವು ಪಟ್ಟು ಮೀರಿದ ಒಂದೇ ಒಂದು ಕಮಾನು. ಕೈರೋದ 14ನೆಯ ಶತಮಾನದ ಸುಲ್ತಾನ್ ಹಸನ್ ಮದರಸಾದ ಮಹಾದ್ವಾರದ ಹೋಲಿಕೆಯನ್ನು ತಿಳಿದವರು ಅದರಲ್ಲಿ ಕಾಣುತ್ತಾರೆ. ಆ ಕಮಾನಿನ ನೆರಳಿನಲ್ಲಿ ಒಳಗೆ ಕಾಲಿಟ್ಟರೆ ದೃಶ್ಯ ಬದಲಾಗುತ್ತದೆ. ಮೊಗಸಾಲೆಯಲ್ಲಿ ದಪ್ಪನೆಯ ಕಂಬಗಳು, ಅವುಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ಇದು ಮಸೀದಿಯ ಭಾಷೆಯಲ್ಲ. ಗುಹಾಲಯದ, ದೇವಾಲಯದ ಭಾಷೆ. ಅಜಂತ-ಎಲ್ಲೋರಗಳ ನೆನಪು.

ಕಮಾನು ಮತ್ತು ತೊಲೆ ಎರಡು ಬೇರೆ ಬೇರೆ ಕಟ್ಟುವ ವಿಧಾನಗಳು. ಕಮಾನು ತನ್ನ ಭಾರವನ್ನು ಎರಡು ಪಕ್ಕಗಳಿಗೂ ತಳ್ಳುತ್ತದೆ. ಆದ್ದರಿಂದ ಅದನ್ನು ಅದುಮಿ ಹಿಡಿಯಲು ಅಕ್ಕಪಕ್ಕದಲ್ಲಿ ಭಾರಿ ಗೋಡೆ ಬೇಕು. ತೊಲೆ ತನ್ನ ಭಾರವನ್ನು ನೇರವಾಗಿ ಕಂಬದ ಮೇಲೆ ಇಳಿಸುತ್ತದೆ. ಅದಕ್ಕೆ ಹತ್ತಿರ ಹತ್ತಿರ ಕಂಬಗಳು ಬೇಕು. ಕಮಾನು ಮುಸಲ್ಮಾನ್ ದೊರೆಗಳ ಕಾಲದಲ್ಲಿ ನಮ್ಮ ನಾಡಿನಲ್ಲಿ ಹರಡಿತು. ತೊಲೆ ನಮ್ಮ ಗುಡಿಗಳ ಹಳೆಯ ವಿಧಾನ. ಆರ್ಟ್ಸ್ ಕಾಲೇಜಿನಲ್ಲಿ ಇವೆರಡೂ ಜಗಳವಾಡದೆ ಒಂದೇ ಛಾವಣಿಯನ್ನು ಹೊತ್ತಿವೆ. ಎರಡೂ ಒಂದೇ ಗಣಿಗೆಂಪಿನ ಕಲ್ಲಿನಲ್ಲಿ ಇರುವುದರಿಂದ ಯಾವುದು ಎಲ್ಲಿಂದ ಬಂದದ್ದೆಂದು ಕಣ್ಣು ಕೇಳುವುದೇ ಇಲ್ಲ.

ಈ ಕಂಬಗಳ ಮುಂದೆ ನಿಂತಾಗ ಕನ್ನಡಿಗನಾದ ನನಗೆ ಇನ್ನೊಂದು ವಿಚಾರ ಹೊಳೆಯಿತು. ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿತು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಎಲ್ಲೋರವೂ ಮಳಖೇಡವೂ 1948ರವರೆಗೆ ನಿಜಾಮ ಸಂಸ್ಥಾನದೊಳಗೇ ಇದ್ದವು. ಅಂದರೆ ಆರ್ಟ್ಸ್ ಕಾಲೇಜಿನ ಮೊಗಸಾಲೆಯಲ್ಲಿ ಕನ್ನಡ ದೊರೆಗಳ ಕಾಲದ ನೆರಳೊಂದು ನಿಂತಿದೆ. ಆದರೆ ಆ ಕಂಬಗಳ ಹಿಂದಿನ ತರಗತಿಗಳಲ್ಲಿ ಮೊಳಗಿದ್ದು ಉರ್ದು ಮಾತ್ರ.

ಬಂಧುಗಳೆ, ನನ್ನ ಮಾತಿನ ನಡುಗಂಬ ಇದು. ಕಲ್ಲಿಗೆ ಇದ್ದ ಔದಾರ್ಯ ನುಡಿಗೆ ಇರಲಿಲ್ಲ.

ಆ ಕಾಲದ ಜನಗಣತಿಯ ಪ್ರಕಾರ ಸಂಸ್ಥಾನದಲ್ಲಿ ಸುಮಾರು ಅರ್ಧದಷ್ಟು ಜನ ತೆಲುಗರು, ಕಾಲುಭಾಗದಷ್ಟು ಮರಾಠಿಗರು, ಸರಿಸುಮಾರು ಎಂಟರಲ್ಲೊಬ್ಬರು ಕನ್ನಡಿಗರು. ಉರ್ದು ಮನೆಮಾತಾದವರು ಹೆಚ್ಚೂಕಡಿಮೆ ಹತ್ತರಲ್ಲೊಬ್ಬರು. ಅಕ್ಬರ್ ಹೈದರಿಯವರ ವಾದ ಸರಿಯಾಗಿತ್ತು: ಪರಭಾಷೆಯಲ್ಲಿ ಕಲಿಯುವುದು ಹೊರೆ. ಆದರೆ ಹಳ್ಳಿಯ ಕನ್ನಡ ಹುಡುಗನಿಗೆ ಉರ್ದುವೂ ಪರಭಾಷೆಯೇ ಎಂಬುದು ಆ ವಾದದೊಳಗೆ ಸೇರಲಿಲ್ಲ. ಖಾಸಗಿ ಶಾಲೆ ತೆರೆಯಬೇಕಾದರೂ ಸರ್ಕಾರದ ಅನುಮತಿ ಬೇಕಾಗಿದ್ದ ದಿನಗಳವು. ಕನ್ನಡ, ತೆಲುಗು, ಮರಾಠಿಗಳಿಗೆ ವಿಶ್ವವಿದ್ಯಾಲಯದಲ್ಲಿ ಜಾಗವಿತ್ತು, ಒಂದೊಂದು ಭಾಷಾ ವಿಷಯವಾಗಿ. ಡಿ. ಕೆ. ಭೀಮಸೇನರಾಯರಂಥ ವಿದ್ವಾಂಸರು ಅಲ್ಲಿ ಕನ್ನಡವನ್ನು ಕಲಿಸಿದರು. ಅವರ ಋಣ ದೊಡ್ಡದು. ಆದರೆ ಕನ್ನಡದಲ್ಲಿ ಅರ್ಥಶಾಸ್ತ್ರವಾಗಲಿ ಇತಿಹಾಸವಾಗಲಿ ಅಲ್ಲಿ ಇರಲಿಲ್ಲ.

ಹಾಗೆಂದು ಉರ್ದು ನಮಗೆ ಕೊಟ್ಟದ್ದನ್ನು ಮರೆಯುವುದು ಕೃತಘ್ನತೆಯಾದೀತು. ದ್ಯಾಂಪುರದಿಂದ ಬಂದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಅಧಿಕಾರಿಯಾಗಿ, ‘ಕಾವ್ಯಾನಂದ’ರೆಂಬ ಕವಿಯಾಗಿ ಬೆಳೆದರು, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರು ಸೀಮೆಯ ಶಾಂತರಸರು ಉರ್ದು ಗಜಲನ್ನು ಕನ್ನಡದ ಅಂಗಳಕ್ಕೆ ಕರೆತಂದರು. ನನ್ನ ತಂದೆಯೂ ಉರ್ದುವನ್ನು ಪ್ರೀತಿಸುತ್ತಿದ್ದರು. ಆದರೆ ಒಂದು ಮಾತು ಆಗಾಗ ಹೇಳುತ್ತಿದ್ದರು: ‘ಪರೀಕ್ಷೆಯಲ್ಲಿ ನಾನು ಎರಡು ಸಲ ಉತ್ತರ ಬರೆಯುತ್ತಿದ್ದೆ. ಒಂದು ತಲೆಯೊಳಗೆ, ಕನ್ನಡದಲ್ಲಿ. ಇನ್ನೊಂದು ಕಾಗದದ ಮೇಲೆ.’

ಕಟ್ಟಡ ಇನ್ನೂ ಮೇಲೇಳುತ್ತಿದ್ದಾಗಲೇ ಬಿರುಕು ಕಾಣಿಸಿತು. 1938ರ ಕೊನೆಯಲ್ಲಿ ವಸತಿನಿಲಯಗಳಲ್ಲಿ ‘ವಂದೇ ಮಾತರಂ’ ಹಾಡುವುದನ್ನು ನಿಷೇಧಿಸಿದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅನೇಕರನ್ನು ಹೊರಹಾಕಲಾಯಿತು, ನಾಗಪುರ ವಿಶ್ವವಿದ್ಯಾಲಯ ಅವರಿಗೆ ಬಾಗಿಲು ತೆರೆಯಿತು. ಮುಂದೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಡನೆ ಸಂಸ್ಥಾನ ಭಾರತದಲ್ಲಿ ಸೇರಿತು. ಆ ವೇಳೆಗೆ ದೆಹಲಿಯಲ್ಲಿ ನಿಜಾಮರ ಪ್ರತಿನಿಧಿಯಾಗಿದ್ದವರು ಯಾರು? ಆರ್ಟ್ಸ್ ಕಾಲೇಜನ್ನು ಕಟ್ಟಿ ಮುಗಿಸಿದ ಅದೇ ಜೈನ್ ಯಾರ್ ಜಂಗ್. ಕಮಾನು-ತೊಲೆಗಳನ್ನು ಹೊಂದಿಸಿದ ಕೈಗೆ ರಾಜಕಾರಣದ ಕಲ್ಲುಗಳು ಹೊಂದಿಬರಲಿಲ್ಲ.

1948ರ ತರುವಾಯ ಕೆಲವೇ ವರ್ಷಗಳಲ್ಲಿ ಉರ್ದು ಮಾಧ್ಯಮ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ತೆಲುಗಲ್ಲ, ಕನ್ನಡವಲ್ಲ, ಮರಾಠಿಯಲ್ಲ, ಇಂಗ್ಲಿಷ್. ದೊರೆಯ ಆಶ್ರಯದಲ್ಲಿ ನಿಂತ ಭಾಷೆ ದೊರೆಯೊಡನೆಯೇ ಇಳಿದುಹೋಯಿತು. ಮೂವತ್ತು ವರ್ಷಗಳ ಅನುವಾದ, ಪದಸಂಪತ್ತು, ಪಠ್ಯಗಳು ಕಪಾಟು ಸೇರಿದವು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಮೂವತ್ತರ ವಯಸ್ಸಿನಲ್ಲಿ ಮತ್ತೆ ಇಂಗ್ಲಿಷ್ ಟಿಪ್ಪಣಿ ಬರೆಯುವುದನ್ನು ಅಭ್ಯಾಸ ಮಾಡಬೇಕಾಯಿತು. ಪದವೀಧರರೊಬ್ಬರು ರಾತ್ರಿ ದೀಪದ ಮುಂದೆ ಕಾಪಿ ತಿದ್ದುತ್ತಿದ್ದುದು ನನ್ನ ಬಾಲ್ಯದ ನೆನಪು. ಉರ್ದು ಸೋತದ್ದು ವಿದ್ಯೆಗೆ ಅಯೋಗ್ಯವೆಂದಲ್ಲ; ತನ್ನ ಸುತ್ತಲಿನ ನುಡಿಗಳನ್ನು ಜೊತೆಗೆ ಕರೆದುಕೊಳ್ಳದೆ ಒಂಟಿಯಾಗಿ ನಿಂತದ್ದರಿಂದ. ಕಮಾನಿಗೆ ಪಕ್ಕದ ಗೋಡೆ ಬೇಕೆಂದು ಹೇಳಿದೆನಲ್ಲ, ಹಾಗೆ.

1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರಗಳು ಮೈಸೂರು ರಾಜ್ಯ ಸೇರಿದವು. ನಾವು ಹಬ್ಬ ಮಾಡಿದೆವು. ಆದರೆ ಅದೇ ಹಗಲು ಕಾಚಿಗುಡದಲ್ಲಿದ್ದ ನಮ್ಮಂಥ ಮನೆಗಳಿಗೆ ಇನ್ನೊಂದು ಸಂಗತಿ ನಡೆಯಿತು. ಮುಂಬಯಿಗೋ ದೆಹಲಿಗೋ ಹೋದ ಕನ್ನಡಿಗರು ಗಡಿ ದಾಟಿ ಹೊರನಾಡಿಗರಾದರು. ನಾವು ಮನೆ ಬದಲಿಸಲಿಲ್ಲ, ಬೀದಿ ಬದಲಿಸಲಿಲ್ಲ. ಗಡಿಯೇ ನಮ್ಮನ್ನು ದಾಟಿ ಹೋಯಿತು. ಹಿಂದಿನ ದಿನದವರೆಗೆ ನಮ್ಮದಾಗಿದ್ದ ರಾಜಧಾನಿಯಲ್ಲಿ ನಾವು ಹೊರಗಿನವರಾದೆವು. ನೃಪತುಂಗನ ಹೆಸರಿನ ಶಾಲೆ, ಸಾಹಿತ್ಯ ಮಂದಿರ, ಇಂಥ ಸಂಘಗಳು ಅಂದಿನಿಂದ ನಮಗೆ ಊರುಗೋಲು.

ನಾನು ಓದುತ್ತಿದ್ದ 1969ರಲ್ಲಿ ಅದೇ ಮೆಟ್ಟಿಲುಗಳ ಮೇಲೆ ಪ್ರತ್ಯೇಕ ತೆಲಂಗಾಣದ ಕೂಗು ಎದ್ದಿತು, ತರಗತಿಗಳು ನಿಂತವು. 2009ರ ಬಳಿಕ ಮತ್ತೆ ಅಲ್ಲಿಂದಲೇ ಎದ್ದಿತು. 2014ರ ಜೂನ್ 2ರಂದು ರಾಜ್ಯವಾಯಿತು. ಒಂದೇ ಭಾಷೆಯಾಡುವವರೂ ನ್ಯಾಯ ಸಿಗದಿದ್ದರೆ ಬೇರೆಯಾಗುತ್ತಾರೆ ಎಂಬುದನ್ನು ಆ ಮೆಟ್ಟಿಲುಗಳು ಕಂಡಿವೆ. 2017ರ ಏಪ್ರಿಲ್ 26ರಂದು ವಿಶ್ವವಿದ್ಯಾಲಯದ ಶತಮಾನೋತ್ಸವವನ್ನು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದರು. ಉರ್ದುವಿಗೆ ಇದೇ ನಗರದಲ್ಲಿ 1998ರಲ್ಲಿ ಮೌಲಾನಾ ಆಜಾದರ ಹೆಸರಿನ ರಾಷ್ಟ್ರೀಯ ವಿಶ್ವವಿದ್ಯಾಲಯ ದೊರೆಯಿತು. ರೈಲ್ವೆಯ ಚಿಕ್ಕ ನಿಲ್ದಾಣವೊಂದು ಮಾತ್ರ ಇಂದಿಗೂ ‘ಜಾಮಿಯಾ ಉಸ್ಮಾನಿಯಾ’ ಎಂಬ ಹಳೆಯ ಹೆಸರನ್ನು ಹೊತ್ತು ನಿಂತಿದೆ. ಜಾಮಿಯಾ ಎಂದರೆ ವಿಶ್ವವಿದ್ಯಾಲಯವೆಂದು ಇಳಿದು ಹತ್ತುವ ಎಷ್ಟು ಮಂದಿಗೆ ಗೊತ್ತು?

ಈಗ ನಮ್ಮ ಕಡೆ ತಿರುಗೋಣ. ನಿಜಾಮರನ್ನು ದೂರುವುದು ಸುಲಭ. ಅವರಿಗೆ ಹತ್ತರಲ್ಲೊಂದು ಪಾಲು ಜನರ ಭಾಷೆಯನ್ನು ವಿದ್ಯೆಯ ಎಲ್ಲ ಶಾಖೆಗಳಿಗೂ ಏರಿಸುವ ಛಲವಿತ್ತು. ನಮಗೆ ರಾಜ್ಯವಿದೆ, ಕೋಟಿಗಟ್ಟಲೆ ಜನರಿದ್ದಾರೆ, 1991ರಲ್ಲಿ ಹಂಪಿಯಲ್ಲಿ ಕನ್ನಡಕ್ಕಾಗಿಯೇ ವಿಶ್ವವಿದ್ಯಾಲಯವಾಯಿತು. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರಿನಲ್ಲಿ ಕುಲಪತಿಗಳಾಗಿದ್ದಾಗ ಕನ್ನಡ ಮಾಧ್ಯಮಕ್ಕಾಗಿ ದುಡಿದರು. ಆದರೂ ವೈದ್ಯ, ಎಂಜಿನಿಯರಿಂಗ್ ಶಿಕ್ಷಣದ ಹೊಸ್ತಿಲಲ್ಲಿ ನಮ್ಮ ನುಡಿ ಇನ್ನೂ ಹೊರಗೇ ನಿಂತಿದೆ. ಇನ್ನೊಂದು ಪ್ರಶ್ನೆಯನ್ನೂ ನಾವೇ ಕೇಳಿಕೊಳ್ಳಬೇಕು: ನಮ್ಮ ರಾಜ್ಯದೊಳಗಿನ ತುಳು, ಕೊಡವ, ಉರ್ದು, ತೆಲುಗು ಮನೆಗಳ ಮಕ್ಕಳಿಗೆ ನಾವು ಕೊಟ್ಟಿರುವುದು ಕಂಬದ ಜಾಗವೋ, ಬರಿಯ ಅಲಂಕಾರದ ಜಾಗವೋ? ಉಸ್ಮಾನಿಯಾ ಮಾಡಿದ ತಪ್ಪನ್ನು ನಾವು ಕನ್ನಡದ ಹೆಸರಿನಲ್ಲಿ ಮಾಡಬಾರದು. ಅದು ತೋರಿದ ಸಾಹಸವನ್ನು ಕನ್ನಡಕ್ಕಾಗಿ ತೋರಿಸದೆಯೂ ಇರಬಾರದು.

ಮನೆಯ ಮಾತನ್ನೂ ಮುಚ್ಚಿಡಲಾರೆ. ನನ್ನ ಮೊಮ್ಮಗಳು ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ತಪ್ಪು ಅವಳದಲ್ಲ, ನನ್ನದು. ನಿವೃತ್ತಿಯಾದ ಮೇಲೆ ಕಲಿಸುತ್ತೇನೆಂದು ಮುಂದೂಡಿದೆ. ಕಳೆದ ವರ್ಷ ತಂದೆಯ ನೋಟುಪುಸ್ತಕಗಳ ಪಕ್ಕದಲ್ಲಿ ನನ್ನ ದಿನಚರಿಗಳನ್ನು ಜೋಡಿಸಿಡುತ್ತಿದ್ದಾಗ ಅವಳು ಎರಡನ್ನೂ ತಿರುವಿ ನೋಡಿ, ‘ಅಜ್ಜಾ, ಇವೆರಡರಲ್ಲಿ ನಿನ್ನದು ಯಾವುದು?’ ಎಂದು ಕೇಳಿದಳು. ಅವಳಿಗೆ ಎರಡೂ ಸಮಾನವಾಗಿ ಮುಚ್ಚಿದ ಪುಸ್ತಕಗಳು. ತಂದೆಯ ಟಿಪ್ಪಣಿ ನನಗೆ ಓದಲಾಗದಂತೆ ಮಾಡಿದ್ದು ಚರಿತ್ರೆ. ನನ್ನ ದಿನಚರಿ ಅವಳಿಗೆ ಓದಲಾಗದಂತೆ ಮಾಡಿದ್ದು ನನ್ನ ಸೋಮಾರಿತನ. ಅಂದಿನಿಂದ ಭಾನುವಾರಗಳಲ್ಲಿ ಅಕ್ಷರಾಭ್ಯಾಸ ನಡೆದಿದೆ, ಒತ್ತಕ್ಷರಗಳವರೆಗೆ ಬಂದಿದ್ದೇವೆ.

ಸಂಘದ ಮುಂದೆ ಎರಡು ಸಣ್ಣ ಸೂಚನೆಗಳನ್ನಿಟ್ಟು ಮುಗಿಸುತ್ತೇನೆ. ಮೊದಲನೆಯದು: ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ ಓದಿದ ಕನ್ನಡಿಗರ ನೋಟುಪುಸ್ತಕ, ಪ್ರಮಾಣಪತ್ರ, ಪತ್ರಗಳು ನಿಮ್ಮ ಮನೆಗಳ ಅಟ್ಟಗಳಲ್ಲಿ ಇರಬಹುದು. ಓದಲು ಬಾರದೆಂದು ರದ್ದಿಗೆ ಹಾಕಬೇಡಿ, ಸಂಘಕ್ಕೆ ತಂದುಕೊಡಿ. ಓದಿ ಹೇಳಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಹೆಚ್ಚು ದಿನ ಇರಲಾರರು. ಎರಡನೆಯದು: ವಾರಕ್ಕೊಂದು ಗಂಟೆಯ ಕನ್ನಡ ಓದುವ ತರಗತಿ. ಕಲಿಸಲು ನಾನು ಬರುತ್ತೇನೆ, ಸಂಭಾವನೆ ಬೇಡ. ಆ ಮಕ್ಕಳನ್ನು ಒಂದು ಬೆಳಗ್ಗೆ ಆರ್ಟ್ಸ್ ಕಾಲೇಜಿನ ಮೊಗಸಾಲೆಗೆ ಕರೆದೊಯ್ದು ಆ ಕಂಬಗಳನ್ನು ತೋರಿಸೋಣ.